ಹಡಗೇರಿದ ಮೊದಲ ದಿನ

2021ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಕಾರ್ಡೆಲಿಯಾ ವಿಹಾರನೌಕೆಯ ಸಂಚಾರ ಆರಂಭವಾದ ಮೇಲೆ, ರಾಜಾಜಿನಗರ, ವಿಜಯನಗರಗಳ ನಮ್ಮಂಥ ಕುಟುಂಬಗಳಿಗೂ ಕಡಲಯಾನ ಕೈಗೆಟುಕುವಂತಾಗಿದೆ. ಹಡಗು ಯಾರಿಗಾಗಿಯೂ ಕಾಯದು; ಹಿಂದಿನ ದಿನವೇ ಮುಂಬಯಿ ಸೇರುವುದು ಲೇಸು. ಬಂದರಿನಲ್ಲಿ ಒಪ್ಪಿಸಿದ ಪೆಟ್ಟಿಗೆಗಳು ಕೋಣೆಗೆ ತಡವಾಗಿ ಬರುವುದುಂಟು. ಆದುದರಿಂದ ಹಿರಿಯರ ಔಷಧ, ಗುರುತಿನ ಚೀಟಿ, ಮಕ್ಕಳ ಬಟ್ಟೆ ಕೈಚೀಲದಲ್ಲಿರಲಿ.

ಊಟ, ವಿನೋದಗಳಿಗಿಂತ ಮೊದಲು ನಾವು ಗಮನವಿಡಬೇಕಾದುದು ಸುರಕ್ಷಾ ಅಭ್ಯಾಸಕ್ಕೆ. 2012ರ ಜನವರಿ 13ರಂದು ಇಟಲಿಯ ಜಿಲ್ಯೊ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ನೌಕೆ ಬಂಡೆಗೆ ಬಡಿದು 32 ಮಂದಿ ಅಸುನೀಗಿದರು. ಅಂದೇ ಹಡಗೇರಿದ್ದ ನೂರಾರು ಮಂದಿಗೆ ಅಭ್ಯಾಸವಿನ್ನೂ ಆಗಿರಲಿಲ್ಲ. ಆಗಿನ ನಿಯಮ 24 ಗಂಟೆಗಳ ಕಾಲಾವಕಾಶ ನೀಡಿತ್ತು. 2015ರಿಂದ ಹಡಗು ಹೊರಡುವ ಮುನ್ನ ಅಥವಾ ಹೊರಟೊಡನೆಯೇ ಅದು ಕಡ್ಡಾಯ.

ಕೋಣೆಯಿಂದ ಕೂಡುಸ್ಥಳದವರೆಗೆ ಮಕ್ಕಳ ಕೈಹಿಡಿದು ಒಮ್ಮೆ ನಡೆದು ನೋಡೋಣ. ಬಳಿಕ ಕಡಲೂ ಗಾಳಿಯೂ ನಿಶ್ಚಿಂತೆಯಿಂದ ನಮ್ಮವು.