ಹಳೆಯ ಹಾರ್ಡ್ ಡಿಸ್ಕ್ ಗುಜರಿಗೆ ಹೋಗುವ ಮುನ್ನ

ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯವಿದೆ. ಅಲ್ಲಿ ಕವಿ ಜನ್ನನು ರಚಿಸಿದ ಶಾಸನವನ್ನು ಹಳಗನ್ನಡ ಬಲ್ಲವರು ಇಂದಿಗೂ ಓದಬಲ್ಲರು. ಆದರೆ ಅದೇ ಸೀಮೆಯ ಹಳ್ಳಿಯಲ್ಲಿ ಇಪ್ಪತ್ತು ವರ್ಷಗಳ ಹಿಂದೆ ಗಣಕಯಂತ್ರಕ್ಕೆ ಏರಿಸಿದ ಮಳೆಯ ಲೆಕ್ಕವನ್ನು ಇಂದು ಓದಲಾದೀತೆಂಬ ಭರವಸೆಯಿಲ್ಲ.

ಕಾರಣಗಳು ಮೂರು. ಹಾರ್ಡ್ ಡಿಸ್ಕ್ ತಿರುಗುವ ಯಂತ್ರ; ಸವೆದು ನಿಲ್ಲುತ್ತದೆ. ಹಳೆಯ ಡಿಸ್ಕಿನ ಅಗಲವಾದ ಐಡಿಇ ಪಟ್ಟಿ ಹೊಸ ಯಂತ್ರಕ್ಕೆ ಕೂಡುವುದಿಲ್ಲ. ಇವೆರಡನ್ನು ಗೆದ್ದರೂ, ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಬೆರಳಚ್ಚಿಸಿದ ಕಡತ ಆ ಫಾಂಟಿಲ್ಲದೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ.

ಕಳೆದುಹೋಗುವುದು ಸಾಮಾನ್ಯ ವಸ್ತುವಲ್ಲ. ಕಡೂರಿನ ತೆಂಗಿನ ತೋಟಗಳಲ್ಲಿ ಯಾವ ವರ್ಷ ಕೊಳವೆಬಾವಿ ಎಷ್ಟು ಅಡಿಗೆ ಇಳಿಯಿತು, ಅಜ್ಜಂಪುರದ ಸುತ್ತಣ ಅಮೃತಮಹಲ್ ಕಾವಲಿನಲ್ಲಿ ಯಾವ ಹುಲ್ಲು ಬೆಳೆಯುತ್ತಿತ್ತು ಎಂಬುದನ್ನು ಊರಿನವರೇ ಬರೆದಿಟ್ಟಿದ್ದರೆ, ಅದಕ್ಕೆ ಬೇರೆ ಪ್ರತಿ ಎಲ್ಲಿಯೂ ಇರಲಾರದು. 2002ರ ಜೀವವೈವಿಧ್ಯ ಕಾಯಿದೆಯಡಿ ಪಂಚಾಯಿತಿಗಳು ಸಿದ್ಧಪಡಿಸುವ ಜೀವವೈವಿಧ್ಯ ದಾಖಲಾತಿಯ ಗತಿಯೂ ಇದೇ. ನಾಳೆ ಕೆರೆಯ ಅಂಗಳಕ್ಕೋ ಕಾವಲಿಗೋ ಕುತ್ತು ಬಂದಾಗ ಊರಿನ ಕೈಯಲ್ಲಿ ಬಾಯಿಮಾತು ಮಾತ್ರ ಉಳಿಯುತ್ತದೆ.

ಆದುದರಿಂದ ಯಂತ್ರ ಬದಲಿಸುವ ಸಂಸ್ಥೆಗಳು ಒಂದು ಕ್ರಮವನ್ನು ಪಾಲಿಸಲೇಬೇಕು. ಹಳೆಯ ಡಿಸ್ಕನ್ನು ಯುಎಸ್‌ಬಿ ಅಡಾಪ್ಟರಿನ ಮೂಲಕ ಹೊಸ ಯಂತ್ರಕ್ಕೆ ಜೋಡಿಸಿ, ಬೇರೇನೂ ಮಾಡದೆ ಮೊದಲು ಪ್ರತಿ ತೆಗೆಯಬೇಕು. ಅದು ಟಕಟಕನೆ ಸದ್ದು ಮಾಡಿದರೆ ಒಡನೆಯೇ ನಿಲ್ಲಿಸಿ ಬಲ್ಲವರ ಕೈಗೆ ಕೊಡಬೇಕು. ಮತ್ತೆ ಮತ್ತೆ ಚಾಲೂ ಮಾಡಿದಷ್ಟೂ ಹಾನಿ ಹೆಚ್ಚು. ಕಡತಗಳ ಸಂಖ್ಯೆ ಎರಡೂ ಕಡೆ ಸರಿಹೊಂದಿದೆಯೇ ಎಂದು ನೋಡಿ, ಕೆಲವನ್ನು ತೆರೆದು ಓದಬೇಕು. ಕನ್ನಡ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಮೂಲವನ್ನೂ ಉಳಿಸಿಕೊಳ್ಳಬೇಕು. ಎರಡು ಪ್ರತಿಗಳು ಎರಡು ಬೇರೆ ಕಟ್ಟಡಗಳಲ್ಲಿರಲಿ; ಮುಖ್ಯವಾದುದು ಕಾಗದದ ಮೇಲೂ ಇರಲಿ. ಅಜ್ಜಂಪುರ ಈಗ ಪ್ರತ್ಯೇಕ ತಾಲ್ಲೂಕು. ಹಳೆಯ ಕಡತಗಳಲ್ಲಿ ಅದರ ಹಳ್ಳಿಗಳು ತರೀಕೆರೆ ತಾಲ್ಲೂಕಿನ ಹೆಸರಿನಲ್ಲಿರುತ್ತವೆ. ಇದನ್ನು ಟಿಪ್ಪಣಿಯಾಗಿ ಸೇರಿಸದಿದ್ದರೆ ಮುಂದಿನವರು ದಾರಿ ತಪ್ಪುತ್ತಾರೆ.

ಇಷ್ಟಾದ ಮೇಲೆಯೇ ಡಿಸ್ಕಿನ ವಿಲೇವಾರಿ. ಕೇವಲ ಅಳಿಸಿದರೆ ಮಾಹಿತಿ ಹೋಗುವುದಿಲ್ಲ. ಅದರ ಮೇಲೆ ಬೇರೆ ಮಾಹಿತಿಯನ್ನು ಪೂರ್ತಿಯಾಗಿ ಬರೆಯಿಸಬೇಕು. ಬಳಿಕ 2022ರ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸಬೇಕು. ಅದರ ಅಲ್ಯೂಮಿನಿಯಂ, ನಿಯೋಡಿಮಿಯಂ ಅಯಸ್ಕಾಂತಗಳು ಮತ್ತೆ ಬಳಕೆಗೆ ಬರಬಲ್ಲವು. ತಿಪ್ಪೆಯಲ್ಲಿ ಸುಟ್ಟರೆ ವಿಷ ಮಾತ್ರ ಊರಿಗೆ ಉಳಿಯುತ್ತದೆ.

ಬಿ. ಎಲ್. ರೈಸ್ ಅವರು ಅಂದಿನ ಕಡೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ 6ನೆಯ ಸಂಪುಟವಾಗಿ 1901ರಲ್ಲಿ ಪ್ರಕಟಿಸಿದರು. ಕಲ್ಲಿಗೇ ಪ್ರತಿ ಬೇಕೆನಿಸಿದ ನಾಡಿನಲ್ಲಿ ಡಿಸ್ಕಿಗೆ ಬೇಡವೆನ್ನುವುದು ಜಾಣತನವಲ್ಲ. ಪಂಚಾಯಿತಿಗಳು ಇದಕ್ಕೊಂದು ನಿರ್ಣಯ ಮಾಡಲಿ. ವಿದ್ಯಾರ್ಥಿಗಳು ಈ ಬೇಸಿಗೆ ರಜೆಯಲ್ಲಿಯೇ ಕೈಹಚ್ಚಲಿ.