ಯಾವ ವಚನ ಬಿಗಿ, ಯಾವುದು ಸಡಿಲ

1980ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಒಂದು ಕಡೆ ಜಿಮ್ಮಿ ಕಾರ್ಟರ್ ಇದ್ದರು. ಸದರ್ನ್ ಬ್ಯಾಪ್ಟಿಸ್ಟ್ ಸಭೆಯವರು, ಸಂಡೇ ಸ್ಕೂಲಿನಲ್ಲಿ ಬೈಬಲ್ ಪಾಠ ಹೇಳುತ್ತಿದ್ದವರು, ಒಂದೇ ಮದುವೆಯವರು. ಇನ್ನೊಂದು ಕಡೆ ಇದ್ದವರು ರೊನಾಲ್ಡ್ ರೇಗನ್: ಮೊದಲ ಮದುವೆ ಮುರಿದು ಎರಡನೆಯದಾದವರು. ಗಂಡಹೆಂಡಿರಲ್ಲಿ ಯಾರದು ತಪ್ಪೆಂದು ಸಾಬೀತುಪಡಿಸದೆಯೂ ವಿಚ್ಛೇದನ ಪಡೆಯಬಹುದೆಂಬ ಕಾನೂನಿಗೆ 1969ರಲ್ಲಿ ಕ್ಯಾಲಿಫೋರ್ನಿಯಾದ ಗವರ್ನರಾಗಿ ಸಹಿ ಹಾಕಿದ್ದೂ ಅವರೇ. ಕುಟುಂಬ ಉಳಿಸುವುದೇ ತಮ್ಮ ರಾಜಕೀಯ ಎಂದು ಹೊರಟಿದ್ದ ಇವ್ಯಾಂಜೆಲಿಕಲ್ ಕ್ರೈಸ್ತ ಮುಖಂಡರು ಯಾರ ಬೆನ್ನಿಗೆ ನಿಂತರು? ರೇಗನ್ ಬೆನ್ನಿಗೆ.

ಸಲಿಂಗ ವಿವಾಹದ ಬಗ್ಗೆ ಅಮೆರಿಕದ ಯುವ ಕ್ರೈಸ್ತರ ನಿಲುವು ಏಕೆ ಸಡಿಲವಾಯಿತು ಎಂದು ಕೇಳಿದರೆ ಸಿಗುವ ಸಿದ್ಧ ಉತ್ತರ ಒಂದಿದೆ. ಅವರು ಬೈಬಲ್ ಓದುವುದನ್ನು ಬಿಟ್ಟು ಟಿ.ವಿ. ನೋಡಿ ಬೆಳೆದರು ಎಂಬುದು. ಹಿರಿಯರಿಗೆ ಇದು ಸಮಾಧಾನ ಕೊಡುವ ಉತ್ತರ. ನನಗೆ ಕಾಣುವುದು ಬೇರೆ: ಹಿರಿಯರು ಬೈಬಲನ್ನು ಹೇಗೆ ಓದುತ್ತಾರೆಂಬುದನ್ನು ಈ ಮಕ್ಕಳು ಹತ್ತಿರದಿಂದ ನೋಡುತ್ತ ಬೆಳೆದರು. ವಿಚ್ಛೇದನದ ಬಗ್ಗೆ ಯೇಸು ಆಡಿದ ಮಾತು ಮತ್ತಾಯನ ಸುವಾರ್ತೆಯ 19ನೇ ಅಧ್ಯಾಯದಲ್ಲಿದೆ; ಮಾರ್ಕನಲ್ಲಿ ಅದು ಇನ್ನೂ ಕಠಿಣ. ಸಲಿಂಗ ಸಂಬಂಧದ ಬಗ್ಗೆ ಯೇಸು ನೇರವಾಗಿ ಹೇಳಿದ್ದು ನಾಲ್ಕು ಸುವಾರ್ತೆಗಳಲ್ಲಿ ಎಲ್ಲೂ ಇಲ್ಲ. ಇರುವವು ಯಾಜಕಕಾಂಡದ, ಪೌಲನ ಪತ್ರಗಳ ಬೆರಳೆಣಿಕೆಯ ವಚನಗಳು. ಆದರೆ ಮರುಮದುವೆಯಾದವರು ಗಾಯನ ತಂಡದಲ್ಲಿ ಹಾಡುತ್ತಿದ್ದರು, ಸಭೆಯ ಹಿರಿಯರಾಗಿ ಕೂರುತ್ತಿದ್ದರು. ಸಲಿಂಗಿ ಹುಡುಗನೊಬ್ಬ ಬಾಯಿಬಿಟ್ಟರೆ ಮನೆಯೇ ನಡುಗುತ್ತಿತ್ತು. (ಶಾಸ್ತ್ರವನ್ನು ಬೇಕಾದ ಕಡೆ ಸಡಿಲಿಸಿಕೊಳ್ಳುವುದು ನಮಗೆ ಹೊಸ ವಿದ್ಯೆಯಲ್ಲ. ಸಮುದ್ರ ದಾಟಿದರೆ ಜಾತಿ ಕೆಡುತ್ತದೆಂದು ನಂಬಿದ್ದ ಮನೆತನಗಳೇ ಈಗ ಅಮೆರಿಕದ ಮೊಮ್ಮಕ್ಕಳ ಫೋಟೋ ತೋರಿಸಿ ಬೀಗುತ್ತವೆ.)

ಸದರ್ನ್ ಬ್ಯಾಪ್ಟಿಸ್ಟರು ವಿಚ್ಛೇದನದ ಬಗ್ಗೆ ಸುಮ್ಮನಿದ್ದರು ಎಂದರೆ ಅನ್ಯಾಯವಾದೀತು. 2010ರಲ್ಲಿ ತಮ್ಮವರಲ್ಲೇ ಮದುವೆಗಳು ಮುರಿಯುತ್ತಿರುವುದನ್ನು ನಾಚಿಕೆಗೇಡೆಂದು ಅವರು ಠರಾವು ಮಾಡಿದರು. ಅದರಲ್ಲಿ ಸಭೆಗಳು ಏನು ಬೋಧಿಸಬೇಕು, ದಂಪತಿಗಳಿಗೆ ಹೇಗೆ ಆಸರೆಯಾಗಬೇಕು ಎಂಬ ಮಾತಿತ್ತು. 2025ರ ಜೂನ್‌ನಲ್ಲಿ ಡಲ್ಲಾಸ್‌ನಲ್ಲಿ ಮಾಡಿದ ಠರಾವಿನ ವರಸೆಯೇ ಬೇರೆ. ಸಲಿಂಗ ವಿವಾಹವನ್ನು ದೇಶದಾದ್ಯಂತ ಮಾನ್ಯಗೊಳಿಸಿದ 2015ರ ಒಬರ್ಗಫೆಲ್ ತೀರ್ಪೇ ರದ್ದಾಗಬೇಕೆಂದು ಅದು ಕೇಳಿತು. ಒಂದಕ್ಕೆ ಬೋಧನೆ ಮತ್ತು ಸಾಂತ್ವನ, ಇನ್ನೊಂದಕ್ಕೆ ಕೋರ್ಟು. ಇಪ್ಪತ್ತು ವರ್ಷದ ಹುಡುಗಿಗೆ ಇದು ಕಣ್ಣಿಗೆ ಹೊಡೆಯದೆ ಇರುತ್ತದೆಯೇ?

ಅಂಕಿಗಳೂ ಇದನ್ನೇ ಸೂಚಿಸುತ್ತವೆ. ಪ್ಯೂ ಸಂಸ್ಥೆಯ 2017ರ ಸಮೀಕ್ಷೆಯಲ್ಲಿ, 1964ರ ನಂತರ ಹುಟ್ಟಿದ ಬಿಳಿಯ ಇವ್ಯಾಂಜೆಲಿಕಲರಲ್ಲಿ ಶೇ. 47ರಷ್ಟು ಮಂದಿ ಸಲಿಂಗ ವಿವಾಹಕ್ಕೆ ಒಪ್ಪಿದ್ದರು. ಅವರಿಗಿಂತ ಹಿರಿಯರಲ್ಲಿ ಒಪ್ಪಿದವರು ಶೇ. 26. ಒಂದೇ ಪೀಠದಿಂದ ಬಂದ ಪ್ರಸಂಗವನ್ನು ಕೇಳಿದ ಎರಡು ತಲೆಮಾರುಗಳು ಇವು. ಇದಕ್ಕೂ ಹತ್ತು ವರ್ಷ ಮೊದಲು ಬಾರ್ನಾ ಸಂಸ್ಥೆ 16ರಿಂದ 29 ವಯಸ್ಸಿನವರಿಗೆ ಇಂದಿನ ಕ್ರೈಸ್ತ ಧರ್ಮ ಹೇಗೆ ಕಾಣುತ್ತದೆ ಎಂದು ಕೇಳಿತ್ತು. ಸಲಿಂಗಿಗಳ ವಿರೋಧಿಯಾಗಿ ಕಾಣುತ್ತದೆ ಎಂದವರು ಹೊರಗಿನವರಲ್ಲಿ ಶೇ. 91, ಚರ್ಚಿಗೆ ಹೋಗುವ ಯುವಕರಲ್ಲೇ ಶೇ. 80. ಒಂದು ಧರ್ಮ ತನ್ನ ಮಕ್ಕಳಿಗೇ ಮೊದಲು ಒಂದು ವಿರೋಧವಾಗಿ ಕಾಣತೊಡಗಿದರೆ ಆ ಧರ್ಮದ ಉಪದೇಶಕರು ಯೋಚಿಸಬೇಕಾದದ್ದು ಬಹಳ.

ಇನ್ನೊಂದು ಕಾರಣ ಸರಳವಾದದ್ದು: ಪರಿಚಯ. ಸಲಿಂಗಿ ಎಂದರೆ ದೂರದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ಯಾರೋ ಎಂದುಕೊಂಡಷ್ಟು ಕಾಲ ಪೌಲನ ಮಾತನ್ನು ಓದುವುದು ಸುಲಭ. ಅದೇ ಸಭೆಯಲ್ಲಿ ದೀಕ್ಷಾಸ್ನಾನ ಪಡೆದ ತಮ್ಮನೇ ಹಾಗೆಂದು ತಿಳಿದಾಗ ಪುಸ್ತಕವನ್ನು ಮತ್ತೆ ತೆರೆಯಬೇಕಾಗುತ್ತದೆ. ಕಾನ್ಸಸ್‌ನ ವಿಚಿಟಾದ ಮ್ಯಾಥ್ಯೂ ವೈನ್ಸ್ ಹಾರ್ವರ್ಡ್ ಓದನ್ನು ನಡುವೆ ನಿಲ್ಲಿಸಿ ಇದೇ ವಚನಗಳ ಅಧ್ಯಯನಕ್ಕೆ ಕುಳಿತವರು. 2012ರಲ್ಲಿ ಊರಿನ ಚರ್ಚೊಂದರಲ್ಲಿ ಅವರು ಮಾಡಿದ ಭಾಷಣದ ವಿಡಿಯೊ ದೇಶವಿಡೀ ಹಬ್ಬಿತು, 2014ರಲ್ಲಿ ಪುಸ್ತಕವೂ ಬಂತು. ಬೈಬಲ್ ತಪ್ಪೆಂದು ಅವರು ಎಲ್ಲೂ ಹೇಳಲಿಲ್ಲ. ಬ್ರಹ್ಮಚರ್ಯ ಕೆಲವರಿಗೆ ದೇವರು ಕೊಡುವ ವರವೆಂದು ನಂಬುವ ಧರ್ಮ ಒಂದು ಗುಂಪಿನವರಿಗೆಲ್ಲ ಅದನ್ನು ಹುಟ್ಟಿನಿಂದಲೇ ಹೇರಬಹುದೇ ಎಂದು ಕೇಳಿದರು. ಬೈಬಲಿನ ಅಧಿಕಾರವನ್ನು ಒಪ್ಪಿಕೊಂಡೇ ಕೇಳಿದ ಪ್ರಶ್ನೆಯಾದ್ದರಿಂದ ಅದನ್ನು ತಳ್ಳಿಹಾಕುವುದು ಪಾದ್ರಿಗಳಿಗೆ ಕಷ್ಟವಾಯಿತು.

ಅನುಭವ ಮೊದಲು, ವಚನ ಆಮೇಲೆ. ಇದು ತಲೆಕೆಳಗಾದ ಓದು ಎಂಬ ಆಕ್ಷೇಪ ಇದೆ. ಆಕ್ಷೇಪ ಗಟ್ಟಿಯಾದದ್ದೇ. ಆದರೆ ಅಪೊಸ್ತಲರ ಕೃತ್ಯಗಳ 10ನೇ ಅಧ್ಯಾಯದಲ್ಲಿ ಪೇತ್ರ ಮಾಡಿದ್ದೇನು? ಯೆಹೂದ್ಯನಲ್ಲದ ಕೊರ್ನೇಲ್ಯನ ಮನೆಯಲ್ಲಿ ಪವಿತ್ರಾತ್ಮ ಇಳಿದದ್ದನ್ನು ಕಣ್ಣಾರೆ ಕಂಡ ಮೇಲೆ ತಾನು ಕಲಿತ ನಿಯಮವನ್ನು ಬೇರೆಯಾಗಿ ಅರ್ಥ ಮಾಡಿಕೊಂಡ. ಸದರ್ನ್ ಬ್ಯಾಪ್ಟಿಸ್ಟ್ ಒಕ್ಕೂಟ ಹುಟ್ಟಿದ್ದೇ 1845ರಲ್ಲಿ, ಗುಲಾಮರ ಒಡೆಯರು ಮಿಷನರಿಗಳಾಗಬಹುದೇ ಎಂಬ ಜಗಳದಲ್ಲಿ. ಆಗಬಹುದು ಎಂದವರ ಕೈಯಲ್ಲೂ ಬೈಬಲ್ ಇತ್ತು. ಅದಕ್ಕೆ ಕ್ಷಮೆ ಕೇಳಿದ್ದು 1995ರಲ್ಲಿ. ಆ ನಡುವಿನ ನೂರೈವತ್ತು ವರ್ಷಗಳಲ್ಲಿ ಬದಲಾದದ್ದು ವಚನಗಳಲ್ಲ.

ಹಾಗೆಂದು ಎದುರು ಪಕ್ಷ ಬರಿಗೈಯಲ್ಲಿಲ್ಲ. ವಿಚ್ಛೇದನದಲ್ಲಿ ಸಡಿಲವಾದದ್ದು ತಪ್ಪಾಗಿದ್ದರೆ ಅಲ್ಲೂ ಬಿಗಿಯಾಗಬೇಕು, ಇಲ್ಲೂ ಸಡಿಲಿಸುವುದು ಪರಿಹಾರವಾಗದು ಎಂಬ ವಾದವನ್ನು ನಾನು ಹಗುರವಾಗಿ ಕಾಣಲಾರೆ. ವೆಸ್ಲಿ ಹಿಲ್ ಅಂಥವರು ಸಲಿಂಗಿಗಳೆಂದು ಬಹಿರಂಗವಾಗಿ ಹೇಳಿಕೊಂಡೇ ಅವಿವಾಹಿತರಾಗಿ ಬಾಳುವ ದಾರಿ ಹಿಡಿದರು. 2010ರಲ್ಲಿ ಆ ಬಗ್ಗೆ ಪುಸ್ತಕ ಬರೆದರು. ಅವರ ಮುಂದೆ ಉಪದೇಶ ಮಾಡುವ ಧೈರ್ಯ ನನಗಿಲ್ಲ. ಸ್ವಂತ ಬಾಳಿನಿಂದ ಬೆಲೆ ತೆತ್ತವರ ಮಾತಿಗೆ ಒಂದು ತೂಕವಿದೆ. ನನ್ನ ತಕರಾರು ಇರುವುದು ಅದೇ ಬೆಲೆಯನ್ನು ಇತರರಿಂದ ಮಾತ್ರ ಕೇಳುವವರ ಜೊತೆ. ಈ ಹಿಲ್ ಅಂಥವರನ್ನೂ ಎಷ್ಟೋ ಸಭೆಗಳು ಅನುಮಾನದಿಂದಲೇ ನೋಡಿದವು.

ಇಷ್ಟಾದರೂ, ಯುವಕರು ಒಂದೇ ದಿಕ್ಕಿಗೆ ಹೊರಟಿದ್ದಾರೆ, ಕಾಲ ಉಳಿದದ್ದನ್ನು ನೋಡಿಕೊಳ್ಳುತ್ತದೆ ಎಂದು ನಂಬುವವರೊಂದಿಗೂ ನನಗೆ ಜಗಳವಿದೆ. ಬಾಲ್ಯದ ಧರ್ಮವನ್ನು ತೊರೆದ ಮಿಲೇನಿಯಲ್ ಪೀಳಿಗೆಯವರಲ್ಲಿ ಸುಮಾರು ಮೂರರಲ್ಲಿ ಒಬ್ಬರು, ಸಲಿಂಗಿಗಳ ಬಗೆಗಿನ ಬೋಧನೆ ಇಲ್ಲವೇ ನಡವಳಿಕೆಯೂ ಅದಕ್ಕೊಂದು ಕಾರಣ ಎಂದು ಪಿ.ಆರ್.ಆರ್.ಐ. ಸಂಸ್ಥೆಗೆ 2014ರಲ್ಲಿ ಹೇಳಿದ್ದರು. ಹೊರಟುಹೋದವರು ಮುಂದಿನ ಸಮೀಕ್ಷೆಯ ‘ಯುವ ಕ್ರೈಸ್ತರು’ ಪಟ್ಟಿಯಲ್ಲಿರುವುದಿಲ್ಲ. ಅದೇ ಸಂಸ್ಥೆಯ ಲೆಕ್ಕದಲ್ಲಿ ಸಲಿಂಗ ವಿವಾಹಕ್ಕೆ ಎಲ್ಲ ಧರ್ಮದ 18–29 ವಯಸ್ಸಿನವರ ಬೆಂಬಲವೇ 2018ರ ಶೇ. 79ರಿಂದ 2023ಕ್ಕೆ ಶೇ. 71ಕ್ಕೆ ಇಳಿಯಿತು. ವಯಸ್ಸು ಹಣೆಬರಹವಲ್ಲವೆಂಬುದಕ್ಕೆ ಹಿರಿಯರಲ್ಲೂ ಸಾಕ್ಷಿಗಳಿವೆ. 1996ರಲ್ಲಿ ಸಾಂಪ್ರದಾಯಿಕ ನಿಲುವಿಗೆ ದೊಡ್ಡ ಆಧಾರ ಒದಗಿಸಿದ್ದ ಬೈಬಲ್ ವಿದ್ವಾಂಸ ರಿಚರ್ಡ್ ಹೇಸ್, 2024ರಲ್ಲಿ ಮಗನ ಜೊತೆ ಪುಸ್ತಕ ಬರೆದು ಆ ನಿಲುವನ್ನು ಬಿಟ್ಟುಕೊಟ್ಟರು. ಆಗ ಅವರು ಎಪ್ಪತ್ತು ದಾಟಿದ್ದರು.

ಸಭೆಗಳ ತೀರ್ಮಾನಗಳಲ್ಲೂ ಇದೇ ಹೊರನಡಿಗೆಯ ಗಣಿತ ಕೆಲಸ ಮಾಡುತ್ತದೆ. ಯುನೈಟೆಡ್ ಮೆಥಡಿಸ್ಟರು 2019ರಲ್ಲಿ 438–384 ಮತಗಳಿಂದ ಸಲಿಂಗಿಗಳ ಪಾದ್ರಿ ದೀಕ್ಷೆಯ ಮೇಲಿನ ನಿಷೇಧವನ್ನು ಬಿಗಿಗೊಳಿಸಿದ್ದರು. ಮುಂದಿನ ವರ್ಷಗಳಲ್ಲಿ ಸುಮಾರು 7,600 ಸಭೆಗಳು, ಬಹುಪಾಲು ಸಂಪ್ರದಾಯವಾದಿಗಳು, ಒಕ್ಕೂಟದಿಂದ ಹೊರನಡೆದವು. 2024ರಲ್ಲಿ ಸಲಿಂಗಿಗಳಿಗೆ ಪಾದ್ರಿ ದೀಕ್ಷೆ ಕೊಡಬಾರದೆಂಬ ನಾಲ್ಕು ದಶಕಗಳ ನಿಯಮ 692–51ರಿಂದ ಬಿದ್ದುಹೋಯಿತು. ವಾದದಲ್ಲಿ ಗೆದ್ದದ್ದಕ್ಕಿಂತ ವಾದಿಸುವವರು ಎದ್ದುಹೋದದ್ದರ ಪಾಲು ಇದರಲ್ಲಿ ದೊಡ್ಡದು.

ಹೀಗಾಗಿ ಸಮೀಕ್ಷೆಗಳಿಗಿಂತ ನನಗೆ ಕುತೂಹಲ ಹುಟ್ಟಿಸುವುದು ಸಿಯಾಟಲ್ ಪೆಸಿಫಿಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು. ಸಲಿಂಗ ಸಂಬಂಧದಲ್ಲಿರುವವರಿಗೆ ಕೆಲಸ ಕೊಡುವುದಿಲ್ಲವೆಂಬ ನಿಯಮವನ್ನು ಆ ಕ್ರೈಸ್ತ ಸಂಸ್ಥೆಯ ಆಡಳಿತ ಮಂಡಳಿ 2022ರಲ್ಲಿ ಉಳಿಸಿಕೊಂಡಾಗ ಅವರು ಬೇರೆ ಕಾಲೇಜು ಹುಡುಕಿ ಹೋಗಬಹುದಿತ್ತು. ಅದರ ಬದಲು ಅಧ್ಯಕ್ಷರ ಕಚೇರಿಯ ಮುಂದೆ ವಾರಗಟ್ಟಲೆ ಧರಣಿ ಕುಳಿತರು. ಪದವಿ ಪ್ರದಾನದ ದಿನ ಹಲವರು ಅಧ್ಯಕ್ಷರ ಕೈಕುಲುಕದೆ ಕಾಮನಬಿಲ್ಲಿನ ಬಾವುಟ ಕೊಟ್ಟು ಇಳಿದರು. ಈ ಪೀಳಿಗೆಯಲ್ಲಿ ಯಾರು ಚರ್ಚಿನೊಳಗೆ ಉಳಿದು ಮುಂದೆ ಸಭೆಯ ಹಿರಿಯರಾಗುತ್ತಾರೋ, ಮದುವೆಯ ನಿಯಮವನ್ನು ಬರೆಯುವವರು ಅವರೇ.