‘ಹುಡುಗಿಯರಿಗೆ ಆಸಕ್ತಿಯಿಲ್ಲ’ ಎಂಬ ಸುಳ್ಳು



ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನಿಂದ ಕರೆ ಮಾಡಿದ್ದಳು. ಹೆಸರು ಬೇಡ, ಅವಳ ಸಹಪಾಠಿಗಳು ಊಹಿಸಿಕೊಂಡರೆ ಊಹಿಸಿಕೊಳ್ಳಲಿ. ಅವಳಿಗೆ ಹದಿಮೂರು ವರ್ಷದ ಮಗಳಿದ್ದಾಳೆ. ಆ ಹುಡುಗಿ ಫುಟ್‌ಬಾಲ್ ತರಬೇತಿಗೆ ಸೇರಲೇಬೇಕೆಂದು ಹಠ ಹಿಡಿದಿದ್ದಾಳಂತೆ. 2027ರಲ್ಲಿ ಬ್ರೆಜಿಲ್‌ನಲ್ಲಿ ನಡೆಯುವ ಮಹಿಳಾ ವಿಶ್ವಕಪ್‌ನ ವೇಳಾಪಟ್ಟಿಯನ್ನು ಕೋಣೆಯ ಗೋಡೆಗೆ ಅಂಟಿಸಿಕೊಂಡಿದ್ದಾಳಂತೆ.

“ಸಾರ್, ನೀವು ಹೇಳಿದರೆ ಕೇಳುತ್ತಾಳೆ. ಅಂದು ನಮಗೆ ಹೇಳಿದ್ದಿರಲ್ಲ, ಹೆಣ್ಣುಮಕ್ಕಳಿಗೆ ಥ್ರೋಬಾಲ್ ಇದೆ, ಫುಟ್‌ಬಾಲ್ ಯಾಕೆ ಅಂತ. ಅದನ್ನೇ ಇವಳಿಗೂ ಒಂದು ಮಾತು ಹೇಳಿ” ಎಂದಳು.

ಇಪ್ಪತ್ತೆಂಟು ವರ್ಷಗಳ ಹಿಂದೆ ನಾನಾಡಿದ ಮಾತನ್ನು ಅವಳು ಅಕ್ಷರಶಃ ನೆನಪಿಟ್ಟುಕೊಂಡಿದ್ದಳು. ನಾನು ಕಲಿಸಿದ ಸಂಧಿ ಸಮಾಸಗಳು ಎಷ್ಟು ಜನಕ್ಕೆ ನೆನಪಿವೆಯೋ ಅರಿಯೆ; ಆದರೆ ಮೇಷ್ಟ್ರು ಆಡಿದ ಅವಿವೇಕದ ಮಾತು ಮಾತ್ರ ಒಂದು ತಲೆಮಾರು ದಾಟಿ ಇನ್ನೊಂದಕ್ಕೆ ಹೋಗಲು ಸಿದ್ಧವಾಗಿ ನಿಂತಿತ್ತು. ನಾನು ಆ ಹುಡುಗಿಗೆ ಬುದ್ಧಿ ಹೇಳಲಿಲ್ಲ. ಅದಕ್ಕೆ ಬದಲಾಗಿ ಈ ಲೇಖನ ಬರೆಯುತ್ತಿದ್ದೇನೆ.

1998ನೆಯ ಇಸವಿಯ ಮಾತು. ತುರುವೇಕೆರೆ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ಪ್ರಭಾರಿ ಮುಖ್ಯೋಪಾಧ್ಯಾಯನಾಗಿದ್ದೆ. ಫ್ರಾನ್ಸ್‌ನಲ್ಲಿ ಪುರುಷರ ವಿಶ್ವಕಪ್ ನಡೆಯುತ್ತಿದ್ದ ಕಾಲ. ಊರಿನಲ್ಲಿ ಟಿ.ವಿ. ಇದ್ದ ನಾಲ್ಕಾರು ಮನೆಗಳ ಜಗಲಿಯ ಮೇಲೆ ಹುಡುಗರು ನಿದ್ದೆಗೆಟ್ಟು ಕೂರುತ್ತಿದ್ದರು. ಶಾಲೆಯಲ್ಲಿ ಇದ್ದದ್ದು ಒಂದೇ ಚೆಂಡು. ಮೈದಾನದ ಒಂದು ಮೂಲೆಯಲ್ಲಿ ಯಾರದೋ ಕಾಯಿಮಟ್ಟೆಯ ರಾಶಿ, ಇನ್ನೊಂದು ಮೂಲೆಯಲ್ಲಿ ಹುಲ್ಲಿನ ಮೆದೆ. ನಡುವೆ ಉಳಿದಷ್ಟರಲ್ಲಿ ಆಟ. ಒಂದು ಸಂಜೆ ಒಂಬತ್ತನೆಯ ತರಗತಿಯ ಆರು ಹುಡುಗಿಯರು ಕೊಠಡಿಯ ಬಾಗಿಲಲ್ಲಿ ನಿಂತು, “ಹುಡುಗರು ಆಡಿ ಮುಗಿಸಿದ ಮೇಲೆ ನಮಗೂ ಚೆಂಡು ಕೊಡಿ ಸಾರ್” ಎಂದರು. ಕೊಟ್ಟೆ. ವೇಲನ್ನು ಸೊಂಟಕ್ಕೆ ಬಿಗಿದುಕೊಂಡು ನಾಲ್ಕು ದಿನ ಆಡಿದರು. ನಿಯಮ ತಿಳಿಯದು, ಗುರಿಯಿಲ್ಲ. ಆದರೆ ಅವರ ಕೇಕೆ ಊರಿನ ಬಾವಿಯವರೆಗೂ ಕೇಳಿಸುತ್ತಿತ್ತು.

ಐದನೆಯ ದಿನ ಊರಿನ ಹಿರಿಯರೊಬ್ಬರು ದಾರಿಯಲ್ಲಿ ಸಿಕ್ಕಿ, “ಏನ್ ಮೇಷ್ಟ್ರೇ, ಹೆಣ್ಣುಮಕ್ಕಳ ಕೈಲೂ ಚೆಂಡು ಒದೆಸ್ತಾ ಇದೀರಂತೆ?” ಎಂದು ನಕ್ಕರು. ಬೆದರಿಕೆಯಲ್ಲ, ಬರೀ ನಗು. ನಾನು ಹೆದರಿದ್ದು ಆ ನಗುವಿಗೆ. ಅಂದು ಸಂಜೆ ಚೆಂಡನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಹುಡುಗಿಯರಿಗೆ ಥ್ರೋಬಾಲಿನ ಉಪದೇಶ ಮಾಡಿದೆ. ಅವರು ಇನ್ನೆರಡು ಸಲ ಕೇಳಿದರು. ಮೂರನೆಯ ಸಲ ಕೇಳಲಿಲ್ಲ. ಮುಂದೆ ಶಿಕ್ಷಕರ ಸಭೆಯೊಂದರಲ್ಲಿ ಕ್ರೀಡಾಕೂಟಕ್ಕೆ ತಂಡಗಳ ಪ್ರಸ್ತಾಪ ಬಂದಾಗ, “ನಮ್ಮ ಹುಡುಗಿಯರಿಗೆ ಫುಟ್‌ಬಾಲಿನಲ್ಲಿ ಆಸಕ್ತಿಯಿಲ್ಲ” ಎಂದು ಎದ್ದುನಿಂತು ಹೇಳಿದವನೂ ನಾನೇ.

ಈ ಒಂದು ವಾಕ್ಯದ ಮೇಲೆಯೇ ನನ್ನ ಇಂದಿನ ಜಗಳ. ಚೆಂಡನ್ನು ಬೀಗದೊಳಗಿಟ್ಟು ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡವರು ‘ಆಸಕ್ತಿಯಿಲ್ಲ’ ಎಂದು ತೀರ್ಪು ಕೊಡುವುದು ಯಾವ ನ್ಯಾಯ? ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕುಗಳಲ್ಲಿ ಈ ಮಾತನ್ನು ನಾನು ಸೇವಾವಧಿಯುದ್ದಕ್ಕೂ ಕೇಳಿದ್ದೇನೆ, ಈಗಲೂ ಕೇಳುತ್ತಿದ್ದೇನೆ.

ಬ್ರೆಜಿಲ್‌ನ ಕಥೆಯನ್ನೇ ನೋಡಿ. 2027ರ ಜೂನ್ 24ರಿಂದ ಜುಲೈ 25ರವರೆಗೆ ಅಲ್ಲಿ ಹತ್ತನೆಯ ಮಹಿಳಾ ವಿಶ್ವಕಪ್ ನಡೆಯಲಿದೆ. 32 ತಂಡಗಳು, ಎಂಟು ನಗರಗಳು. ದಕ್ಷಿಣ ಅಮೆರಿಕದಲ್ಲಿ ಈ ಪಂದ್ಯಾವಳಿ ಇದೇ ಮೊದಲು. ಫುಟ್‌ಬಾಲ್ ಎಂದರೆ ಬ್ರೆಜಿಲ್ ಎಂದು ನಾವೆಲ್ಲ ಬಾಯಿಪಾಠ ಮಾಡಿದವರು. ಆ ಬ್ರೆಜಿಲ್‌ನಲ್ಲಿ 1941ರಲ್ಲಿ, ಗೆಟುಲಿಯೊ ವರ್ಗಾಸ್‌ರ ಆಡಳಿತದಲ್ಲಿ, ಹೆಂಗಸರ ‘ಸ್ವಭಾವಕ್ಕೆ ಹೊಂದದ’ ಕ್ರೀಡೆಗಳನ್ನು ಅವರು ಆಡಬಾರದೆಂದು ಶಾಸನವನ್ನೇ ಮಾಡಿದರು. 1965ರಲ್ಲಿ ಫುಟ್‌ಬಾಲನ್ನು ಹೆಸರಿಸಿಯೇ ನಿಷೇಧಿಸಿದರು. ಅದು ತೆರವಾದದ್ದು 1979ರಲ್ಲಿ. ಪೆಲೆ ಮೂರು ವಿಶ್ವಕಪ್‌ಗಳನ್ನು ಗೆದ್ದ ಕಾಲವೆಲ್ಲವೂ ಆತನ ದೇಶದ ಹೆಣ್ಣುಮಕ್ಕಳಿಗೆ ಚೆಂಡು ನಿಷಿದ್ಧವಾಗಿದ್ದ ಕಾಲ!

ಇಂಗ್ಲೆಂಡಿನದೂ ಅದೇ ಕಥೆ. 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನ ಗುಡಿಸನ್ ಪಾರ್ಕ್‌ನಲ್ಲಿ ಕಾರ್ಖಾನೆಯ ಹುಡುಗಿಯರ ಡಿಕ್ ಕೆರ್ ತಂಡ ಆಡಿದಾಗ ನೆರೆದವರು ಸುಮಾರು 53,000 ಮಂದಿ. ಮರುವರ್ಷವೇ ಅಲ್ಲಿನ ಫುಟ್‌ಬಾಲ್ ಸಂಸ್ಥೆಯು ತನ್ನ ಕ್ಲಬ್‌ಗಳ ಮೈದಾನಗಳನ್ನು ಹೆಂಗಸರಿಗೆ ಮುಚ್ಚಿತು; ಅರ್ಧ ಶತಮಾನ ತೆರೆಯಲಿಲ್ಲ. ಗಮನಿಸಿ: ಆಸಕ್ತಿಯಿಲ್ಲದೆ ಆಟ ಸತ್ತದ್ದಲ್ಲ, ಆಸಕ್ತಿ ಅತಿಯಾಯಿತೆಂದೇ ಬಾಗಿಲು ಹಾಕಿದ್ದು. ನಾನು ಚೆಂಡನ್ನು ಬೀರುವಿಗೆ ಸೇರಿಸಿದ ಮರುವರ್ಷ, 1999ರಲ್ಲಿ, ಅಮೆರಿಕದ ಪ್ಯಾಸಡೀನದಲ್ಲಿ ಮಹಿಳಾ ವಿಶ್ವಕಪ್‌ನ ಅಂತಿಮ ಪಂದ್ಯ ನೋಡಲು 90,185 ಜನ ಸೇರಿದ್ದರು. ನನಗಾಗ ಅದರ ಸುದ್ದಿಯೂ ಇರಲಿಲ್ಲ.

ನಮ್ಮಲ್ಲಿ ಶಾಸನವಿರಲಿಲ್ಲ, ನಿಜ. ಆದರೆ ಶಾಸನವಿದ್ದರೆ ಅದನ್ನು ಒಂದು ದಿನ ರದ್ದುಪಡಿಸಬಹುದು. ನಗೆಯನ್ನು ರದ್ದುಪಡಿಸುವವರು ಯಾರು? ಬ್ರೆಜಿಲ್ ಬರೆದಿಟ್ಟು ಮಾಡಿದ್ದನ್ನು ನಾವು ಬರೆಯದೆಯೇ ಮಾಡಿದೆವು, ಅಷ್ಟೇ ವ್ಯತ್ಯಾಸ.

ಈಗ ಆಕ್ಷೇಪಣೆಗಳಿಗೆ ಬರೋಣ. ಇವನ್ನೆಲ್ಲ ನಾನೇ ಒಂದು ಕಾಲಕ್ಕೆ ಹೇಳಿದವನಾದ್ದರಿಂದ ನನಗೆ ಚೆನ್ನಾಗಿ ಗೊತ್ತು.

ಮೊದಲನೆಯದು, ಹೆಣ್ಣುಮಕ್ಕಳ ಮೈ ನಾಜೂಕು, ಇದು ಒರಟು ಆಟ ಎಂಬುದು. ನಮ್ಮ ತೋಟಗಳಲ್ಲಿ ಬಿದ್ದ ಕಾಯಿಗಳನ್ನು ಆಯ್ದು, ಮಂಕರಿಗೆ ತುಂಬಿ, ತಲೆಯ ಮೇಲೆ ಹೊತ್ತು ತರುವವರು ಯಾರು? ಚಿಪ್ಪು ಒಡೆದು ಉಂಡೆ ಕೊಬ್ಬರಿ ಬಿಡಿಸುತ್ತ ಬೆಳಗಿನಿಂದ ಸಂಜೆಯವರೆಗೆ ಕುಕ್ಕರುಗಾಲಿನಲ್ಲಿ ಕೂರುವವರು ಯಾರು? ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿಯ ಧಾರಣೆ ಏರಿದರೆ ಮೀಸೆ ತಿರುವುವ ನಮಗೆ, ಆ ಕೊಬ್ಬರಿಯ ಹಿಂದಿರುವ ಹೆಂಗಸರ ಸೊಂಟ, ಮಂಡಿಗಳ ನೆನಪಾಗುವುದಿಲ್ಲ. ಮಂಕರಿ ಹೊರುವಾಗ ಇಲ್ಲದ ನಾಜೂಕು ಚೆಂಡು ಒದೆಯುವಾಗ ಎಲ್ಲಿಂದ ಬಂತು? ದುಡಿಮೆಗೆ ಗಟ್ಟಿ, ಆಟಕ್ಕೆ ಮಾತ್ರ ನಾಜೂಕು ಎಂಬ ಈ ದೇಹಶಾಸ್ತ್ರ ಯಾವ ಪುಸ್ತಕದಲ್ಲಿದೆ?

ಎರಡನೆಯದು, ಕಾಲಿಗೆ ಪೆಟ್ಟಾದರೆ ಮದುವೆಯ ಗತಿಯೇನು ಎಂಬ ಚಿಂತೆ. ಮಂಡಿಯ ಅಸ್ಥಿರಜ್ಜುವಿನ ಗಾಯ ಹುಡುಗರಿಗಿಂತ ಹುಡುಗಿಯರಿಗೆ ಹೆಚ್ಚಾಗಿ ಆಗುತ್ತದೆಂಬುದು ವೈದ್ಯರು ಒಪ್ಪಿದ ಸಂಗತಿ. ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಆಟಕ್ಕೆ ಮುನ್ನ ಕ್ರಮವಾಗಿ ಮೈ ಬೆಚ್ಚಗಾಗಿಸುವ, ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮಗಳಿಂದ ಇಂಥ ಗಾಯಗಳು ಕಡಮೆಯಾಗುತ್ತವೆಂದೂ ತಿಳಿದುಬಂದಿದೆ. ಫಿಫಾದ ‘11+’ ಎಂಬ ವ್ಯಾಯಾಮಕ್ರಮ ಇದಕ್ಕಾಗಿಯೇ ಇರುವುದು. ಅದಕ್ಕೆ ದುಬಾರಿ ಸಲಕರಣೆ ಬೇಡ, ಇಪ್ಪತ್ತು ನಿಮಿಷ ಮತ್ತು ಹೇಳಿಕೊಡುವ ಶಿಕ್ಷಕರು ಸಾಕು. ಅಪಾಯಕ್ಕೆ ಮದ್ದು ತರಬೇತಿಯೇ ಹೊರತು ನಿಷೇಧವಲ್ಲ. ತೆಂಗಿನ ಮರದಿಂದ ಜನ ಬೀಳುತ್ತಾರೆಂದು ನಾವು ಕಾಯಿ ಕೀಳುವುದನ್ನು ನಿಲ್ಲಿಸಿದ್ದೇವೆಯೇ?

ಮೂರನೆಯದು, ನಮ್ಮ ಮಣ್ಣಿನ ಆಟಗಳಾದ ಕೊಕ್ಕೊ, ಕಬಡ್ಡಿ ಇರುವಾಗ ಪರದೇಶದ ಆಟ ಏಕೆ ಎಂಬುದು. ಕೊಕ್ಕೊ ಬಗ್ಗೆ ನನಗೂ ಅಭಿಮಾನವಿದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಕೊಕ್ಕೊ ವಿಶ್ವಕಪ್‌ನ ಅಂತಿಮ ಪಂದ್ಯದಲ್ಲಿ ನಮ್ಮ ವನಿತೆಯರು ನೇಪಾಳವನ್ನು 78–40ರಿಂದ ಸೋಲಿಸಿದಾಗ, ಮಿಂಚಿದವರಲ್ಲಿ ಒಬ್ಬಳು ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ. ಹಳ್ಳಿಯ ಹುಡುಗಿಗೆ ಅಂಕಣ ಮತ್ತು ಗುರು ಸಿಕ್ಕರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಕೊಕ್ಕೊವಿನ ಉದಾಹರಣೆ ನನ್ನ ವಾದಕ್ಕೆ ಬಲವೇ ಹೊರತು ವಿರುದ್ಧವಲ್ಲ. ಅಲ್ಲದೆ ಈ ‘ಪರದೇಶದ ಆಟ’ ಎಂಬ ತಕರಾರು ಗಂಡುಮಕ್ಕಳು ಕ್ರಿಕೆಟ್ ಬ್ಯಾಟು ಹಿಡಿದಾಗ ಎಲ್ಲಿ ಅಡಗಿರುತ್ತದೋ!

ನಾಲ್ಕನೆಯದು ಅತ್ಯಂತ ಬುದ್ಧಿವಂತರ ಆಕ್ಷೇಪಣೆ: ಆಡಿ ಪ್ರಯೋಜನವೇನು, ನಮ್ಮವರು ಹೇಗೂ ಸೋಲುತ್ತಾರೆ. 1991ರಿಂದ 2023ರವರೆಗೆ ನಡೆದ ಒಂಬತ್ತು ಮಹಿಳಾ ವಿಶ್ವಕಪ್‌ಗಳಲ್ಲಿ ಒಂದರಲ್ಲಿಯೂ ಭಾರತ ಆಡಿಲ್ಲವೆಂಬುದು ನಿಜ. 2022ರ ಅಕ್ಟೋಬರ್‌ನಲ್ಲಿ ಹದಿನೇಳು ವರ್ಷದೊಳಗಿನ ಬಾಲಕಿಯರ ವಿಶ್ವಕಪ್ ನಮ್ಮ ದೇಶದಲ್ಲಿಯೇ ನಡೆದಾಗ ನಮ್ಮ ಮಕ್ಕಳು ಅಮೆರಿಕಕ್ಕೆ 0–8, ಮೊರಾಕ್ಕೊಗೆ 0–3, ಬ್ರೆಜಿಲ್‌ಗೆ 0–5ರಿಂದ ಸೋತದ್ದೂ ನಿಜ. ಆದರೆ ಆ ತಂಡದ ನಾಯಕಿ ಅಷ್ಟಮ್ ಒರಾಂವ್ ಜಾರ್ಖಂಡಿನ ಗುಮ್ಲಾ ಜಿಲ್ಲೆಯ ಕೂಲಿ ದಂಪತಿಗಳ ಮಗಳು. ಅವಳನ್ನು ಹಂಗಿಸುವ ಮೊದಲು ನೆನಪಿಡಿ: ಪಂದ್ಯಾವಳಿಗೆ ಎರಡು ತಿಂಗಳಿದ್ದಾಗ, ಆ ವರ್ಷದ ಆಗಸ್ಟ್ 15ರಂದು, ದೊಡ್ಡವರ ಆಡಳಿತದ ಗೊಂದಲದ ದೆಸೆಯಿಂದ ಭಾರತದ ಫುಟ್‌ಬಾಲ್ ಒಕ್ಕೂಟವನ್ನು ಫಿಫಾ ಅಮಾನತಿನಲ್ಲಿಟ್ಟಿತ್ತು. ಹನ್ನೊಂದು ದಿನಗಳ ನಂತರ ಅಮಾನತು ತೆರವಾಯಿತು, ಪಂದ್ಯಾವಳಿ ಉಳಿಯಿತು. ಕಚೇರಿಗಳಲ್ಲಿ ಕಿತ್ತಾಡಿದವರು ಗಂಡಸರು. ಪಂದ್ಯಾವಳಿಯನ್ನೇ ಕಳೆದುಕೊಳ್ಳಲಿದ್ದವರು ಹುಡುಗಿಯರು.

ನಮ್ಮವರು ಯಾವಾಗಲೂ ಸೋಲುತ್ತಿದ್ದರೆಂಬುದೂ ಸುಳ್ಳೇ. 1980ರ ಜನವರಿಯಲ್ಲಿ ನಮ್ಮ ನೆರೆಯ ಕಲ್ಲಿಕೋಟೆಯಲ್ಲಿ ನಡೆದ ಏಷ್ಯಾ ಮಹಿಳಾ ಚಾಂಪಿಯನ್‌ಷಿಪ್‌ನಲ್ಲಿ ಭಾರತ ಎರಡನೆಯ ಸ್ಥಾನ ಪಡೆದಿತ್ತು, 1983ರಲ್ಲಿ ಮತ್ತೊಮ್ಮೆ. ಆ ಪೀಳಿಗೆಯ ಶಾಂತಿ ಮಲ್ಲಿಕ್‌ಗೆ ಅರ್ಜುನ ಪ್ರಶಸ್ತಿ ಬಂದದ್ದು 1983ರಲ್ಲಿಯೇ. ನಮ್ಮ ಬೆಂಗಳೂರಿನ ಚಿತ್ರಾ ಗಂಗಾಧರನ್ ಕೂಡ ಆ ಕಾಲದಲ್ಲಿ ಭಾರತಕ್ಕೆ ಆಡಿದವರು. ಜಪಾನು, ಚೀನಾ ಮುಂದೆ ಓಡಿದವು. ನಾವು ನಿಂತಲ್ಲೇ ನಿಂತೆವು. ರಾಷ್ಟ್ರಮಟ್ಟದ ಮಹಿಳಾ ಲೀಗ್ ಆರಂಭಿಸಲು ನಮಗೆ 2016ರವರೆಗೆ ಬೇಕಾಯಿತು. ಆ ಲೀಗ್‌ನಲ್ಲಿ ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ 2023ರಲ್ಲಿ ಅಂತಿಮ ಪಂದ್ಯದವರೆಗೆ ಹೋಯಿತು. 2025ರ ಜುಲೈಯಲ್ಲಿ ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಭಾರತ ಆತಿಥೇಯರನ್ನೇ 2–1ರಿಂದ ಸೋಲಿಸಿ, ಮೊದಲ ಬಾರಿಗೆ ಅರ್ಹತಾ ಸುತ್ತನ್ನು ಗೆದ್ದು ಏಷ್ಯಾ ಕಪ್ ಪ್ರವೇಶಿಸಿತು. ಎರಡೂ ಗೋಲು ಬಂಗಾಳದ ಸಂಗೀತಾ ಬಾಸ್ಫೋರ್‌ಳವು. ಇಷ್ಟು ಅಲ್ಪ ಆಸರೆಯಲ್ಲಿ ಇಷ್ಟು ಸಾಧಿಸಿದವರನ್ನು ಕುರಿತು ‘ಪ್ರಯೋಜನವೇನು’ ಎನ್ನುವುದಕ್ಕೆ ನಾಲಗೆ ಹೇಗೆ ಬರುತ್ತದೆ?

ಇನ್ನು ಪ್ರಯೋಜನವೆಂದರೆ ಪದಕವೊಂದೇ ಅಲ್ಲ. ಹುಡುಗಿಯೊಬ್ಬಳು ನಾಲ್ಕು ಜನರ ಎದುರು ಮೈಬಿಚ್ಚಿ ಓಡುವುದು, ಬೀಳುವುದು, ಎದ್ದು ಧೂಳು ಕೊಡವಿಕೊಳ್ಳುವುದು, ಗೆಳತಿಯನ್ನು ಗಟ್ಟಿದನಿಯಲ್ಲಿ ಕೂಗಿ ಕರೆಯುವುದು, ಇವು ಶಿಕ್ಷಣವಲ್ಲವೇ? ನಮ್ಮ ಹುಡುಗಿಯರು ಎಸ್‌.ಎಸ್‌.ಎಲ್‌.ಸಿ.ಯಲ್ಲಿ ಮುಂದಿದ್ದಾರೆಂದು ಹೆಮ್ಮೆಪಡುತ್ತೇವೆ. ಆದರೆ ಸಂಜೆ ನಾಲ್ಕೂವರೆಗೆ ಗಂಟೆ ಬಾರಿಸಿದೊಡನೆ ಮೈದಾನ ಹುಡುಗರದಾಗುತ್ತದೆ, ಹುಡುಗಿಯರಿಗೆ ಅದು ಮನೆಗೆ ಹೋಗುವ ಅಡ್ಡದಾರಿ ಮಾತ್ರ.

ಹಾಗಾದರೆ ಮಾಡಬೇಕಾದದ್ದೇನು? 2009ರ ಶಿಕ್ಷಣ ಹಕ್ಕು ಕಾಯಿದೆಯು ಶಾಲೆಗೆ ಆಟದ ಮೈದಾನ ಇರಬೇಕೆಂದು ತನ್ನ ಅನುಸೂಚಿಯಲ್ಲಿಯೇ ಹೇಳಿದೆ. ಮೈದಾನವೆಂದರೆ ಒಕ್ಕಣೆಯ ಕಣವಲ್ಲ, ಮಟ್ಟೆ ರಾಶಿ ಹಾಕುವ ಜಾಗವಲ್ಲ, ಮದುವೆಯ ಶಾಮಿಯಾನದ ಸ್ಥಳವೂ ಅಲ್ಲ. ನಿಮ್ಮಲ್ಲಿ ಅನೇಕರು ಈಗ ಶಾಲಾಭಿವೃದ್ಧಿ ಸಮಿತಿಗಳಲ್ಲಿದ್ದೀರಿ, ಪಂಚಾಯಿತಿಗಳಲ್ಲಿದ್ದೀರಿ, ಕೆಲವರು ಶಿಕ್ಷಕರೇ ಆಗಿದ್ದೀರಿ. ಮೊದಲು ಮೈದಾನವನ್ನು ತೆರವುಗೊಳಿಸಿ. ಎರಡನೆಯದಾಗಿ, ವಾರದಲ್ಲಿ ಎರಡು ಸಂಜೆ ಮೈದಾನವೂ ಚೆಂಡೂ ಹುಡುಗಿಯರವೇ ಎಂದು ವೇಳಾಪಟ್ಟಿಯಲ್ಲಿ ಬರೆದು ಗೋಡೆಗೆ ಹಚ್ಚಿ. ‘ಹುಡುಗರು ಆಡಿದ ಮೇಲೆ’ ಎಂಬ ಭಿಕ್ಷೆ ಬೇಡ. ಮೂರನೆಯದಾಗಿ, 2027ರ ಜೂನ್ 24ರಂದು ಬ್ರೆಜಿಲ್‌ನಲ್ಲಿ ಮೊದಲ ಪಂದ್ಯ ಆರಂಭವಾಗುವ ಮುನ್ನ, ನಮ್ಮ ಮೂರು ತಾಲ್ಲೂಕುಗಳ ಹುಡುಗಿಯರ ತಂಡಗಳು ಒಂದು ಪಂದ್ಯಾವಳಿ ಆಡಬೇಕು. ಚೆಂಡುಗಳ ಖರ್ಚಿಗೆ ನನ್ನ ಒಂದು ತಿಂಗಳ ಪಿಂಚಣಿ ಇದೆ. ಉಳಿದದ್ದಕ್ಕೆ ನೀವಿದ್ದೀರಿ.

ಆ ವಿಶ್ವಕಪ್‌ನ ಎಂಟು ನಗರಗಳಲ್ಲಿ ಮೂರು, ಅಂದರೆ ಸಾಲ್ವಡಾರ್, ರೆಸಿಫೆ, ಫೋರ್ಟಲೇಜ, ನಮ್ಮಂತೆಯೇ ತೆಂಗು ಬೆಳೆಯುವ ಈಶಾನ್ಯ ಕರಾವಳಿಯಲ್ಲಿವೆ. ಅದೇ ಸೀಮೆಯ ಒಳನಾಡಿನ ಡೊಯಿಸ್ ರಿಯಾಚೊಸ್ ಎಂಬ ಬರಪೀಡಿತ ಪುಟ್ಟ ಊರಿನಲ್ಲಿ ಹುಡುಗರ ನಡುವೆ ಆಡುತ್ತ ಬೆಳೆದವಳು ಮಾರ್ತಾ. ಹದಿನಾಲ್ಕನೆಯ ವಯಸ್ಸಿನಲ್ಲಿ ಬಸ್ಸು ಹತ್ತಿ ರಿಯೊ ನಗರಕ್ಕೆ ಹೋದಳು. ವಿಶ್ವಕಪ್‌ಗಳಲ್ಲಿ ಅವಳು ಹೊಡೆದ ಗೋಲುಗಳು 17. 2023ರ ಮಹಿಳಾ ವಿಶ್ವಕಪ್ ಮುಗಿದಾಗ ಗಂಡಸರಲ್ಲಿಯೂ ಅಷ್ಟು ಹೊಡೆದವರು ಯಾರೂ ಇರಲಿಲ್ಲ. ನಿಷೇಧ ತೆರವಾದ ಏಳು ವರ್ಷಕ್ಕೆ ಹುಟ್ಟಿದ ಮಗು ಅದು. ಆ ಊರಿನ ಮೇಷ್ಟ್ರು ಯಾರಾದರೂ ಅವಳ ಚೆಂಡನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರೆ?

ನನ್ನ ಆರು ಹುಡುಗಿಯರಲ್ಲಿ ಮಾರ್ತಾ ಇದ್ದಳೆಂದು ನಾನು ಹೇಳುವುದಿಲ್ಲ. ಇದ್ದಳೋ ಇಲ್ಲವೋ ತಿಳಿಯುವ ದಾರಿಯನ್ನೇ ನಾನು ಮುಚ್ಚಿದೆ ಎಂಬುದಷ್ಟೇ ನನ್ನ ತಪ್ಪೊಪ್ಪಿಗೆ. ಕರೆ ಮಾಡಿದ ಆ ತಾಯಿಗೆ ಕೊನೆಗೆ ಹೇಳಿದೆ: “ಅಮ್ಮಾ, ಅಂದು ನಾನು ಹೇಳಿದ್ದು ತಪ್ಪು. ಮಗಳನ್ನು ಸೇರಿಸು.” ಬಹಳ ಹೊತ್ತು ಅವಳು ಮಾತಾಡಲಿಲ್ಲ. ಆಮೇಲೆ, “ನಾಲ್ಕು ದಿನ ಆಡಿದ್ವಲ್ಲ ಸಾರ್, ನಾನೊಂದು ಗೋಲು ಹೊಡೆದಿದ್ದೆ. ನಿಮಗೆ ನೆನಪಿದೆಯಾ?” ಎಂದಳು.

ನನಗೆ ನೆನಪಿರಲಿಲ್ಲ. ನನ್ನ ಈ ಮಾತುಗಳನ್ನು ಒಪ್ಪದವರು ಧಾರಾಳವಾಗಿ ಬರೆಯಿರಿ, ಇಲ್ಲವೇ ಮನೆಗೆ ಬನ್ನಿ. ಎಳನೀರು ಕುಡಿಯುತ್ತ ಜಗಳವಾಡೋಣ. ಬರುವಾಗ ನಿಮ್ಮ ಹೆಣ್ಣುಮಕ್ಕಳನ್ನೂ ಕರೆತನ್ನಿ. ಹಿತ್ತಿಲಿನಲ್ಲಿ ಜಾಗವಿದೆ, ಚೆಂಡನ್ನೂ ತಂದಿಟ್ಟಿದ್ದೇನೆ. ಬೀರುವಿನಲ್ಲಲ್ಲ, ಜಗಲಿಯ ಮೇಲೆ.